ಎಡದ ಮೇಲೆ ಬಲ

ಕುಶಿಹಾಮಾ
3 ಅಕ್ಟೋಬರ್ 1926

ತಮ್ಮ ಕಿನ್ಸಾಕುಗೆ, ಅಕ್ಕ ಹಿಸಾನೊ ಬರೆಯುವುದು.

ನೀನು ಕಳಿಸಿದ ಚಿತ್ರದ ಫೋಟೊ ತಲುಪಿತು. ಹಸು ಅಂತ ಬರೆದಿದ್ದೀಯ, ಆದ್ದರಿಂದ ಹಸು ಅಂತಲೇ ಇಟ್ಟುಕೊಳ್ಳೋಣ. ಪಕ್ಕದ ಮನೆಯ ಒಸೆನ್ ನೋಡಿ, "ಇದೇನೇ, ನೆಲ ಗೋಡೆ ಹತ್ಬಿಟ್ಟಿದೆ? ಹಸು ಜಾರಿ ಬೀಳಲ್ವಾ?" ಅಂದಳು. "ಅಮೆರಿಕದಲ್ಲಿ ನೆಲ ಹಂಗೇ ಇರೋದು" ಎಂದು ಹೇಳಿ ನಿನ್ನ ಮರ್ಯಾದೆ ಉಳಿಸಿದೆ.

ಹಸುವಿನ ಮಾತು ಹಾಗಿರಲಿ. ಈ ಕಾಗದ ನನ್ನ ಮಗಳು ಮಿನೆಯ ವಿಷಯಕ್ಕೆ. ಕಸರತ್ತಿನ ತಂಡದ ಯಜಮಾನ ಇವಾತಾರೊ ಹೋದ ತಿಂಗಳು ಊರಿಗೆ ಬಂದ. ಕಾಲು ಕುಂಟು, ಹಲ್ಲು ಎರಡೋ ಮೂರೋ. ಅವನು ನನ್ನ ಯಜಮಾನರ ದಾಯಾದಿ ಅನ್ನುವುದನ್ನೂ ನೋಡದೆ ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ. "ನನ್ನ ಮಗಳೆಲ್ಲಿ?" "ತಂಡ ಒಡೆದು ಆರು ವರ್ಷ ಆಯ್ತು ಹಿಸಾನೊ. ಅವಳು ಅಮೆರಿಕದಲ್ಲೇ ಉಳಿದು ಅಲ್ಲಿನ ದೊಡ್ಡ ಸರ್ಕಸ್ ಸೇರಿದಳು ಅಂತ ಕೇಳಿದ್ದೆ. ಆಮೇಲೆ ನಂಗೊತ್ತಿಲ್ಲ." "ಐದು ವರ್ಷ ಹಗ್ಗದ ಮೇಲೆ ನಡೆಯೋದು ಕಲಿಸಿ ಕರ್ಕೊಂಡು ಬರ್ತೀನಿ ಅಂದೋನು ನೀನೇ ತಾನೆ?" ಅವನು ತಲೆ ತಗ್ಗಿಸಿದ. ಅವನೊಬ್ಬನನ್ನೇ ಏನು ಬೈಯಲಿ? ಅವತ್ತು ಮಗುವನ್ನು ಒಪ್ಪಿಸುವ ಕರಾರಿನ ಕಾಗದಕ್ಕೆ ಮುದ್ರೆ ಒತ್ತಿದ್ದು ನನ್ನ ಕೈ. ಗಂಡ ಸತ್ತು ಮೂರು ತಿಂಗಳು, ಮಗುವಿಗೆ ಒಂಬತ್ತು ವರ್ಷ. ಮರ ಕಂಡರೆ ಮರ, ಗೋಡೆ ಕಂಡರೆ ಗೋಡೆ ಹತ್ತುತ್ತಿದ್ದಳು. ಇವಳು ಹುಟ್ಟಿದ್ದೇ ಇದಕ್ಕೆ ಎಂದು ಅವನು ಅಂದ, ನಾನು ಹೂಂ ಅಂದೆ.

ದೂರ ಹೋದವರಿಗೆ ದಿನಾ ಊಟದ ತಟ್ಟೆ ಇಡುವುದು ನಿನಗೆ ನೆನಪಿದೆಯೋ ಇಲ್ಲವೋ. ಹದಿನಾರು ವರ್ಷದಿಂದ ಮಿನೆಯ ತಟ್ಟೆ ನನ್ನ ತಟ್ಟೆಯ ಪಕ್ಕದಲ್ಲೇ ಇದೆ. ಅನ್ನ, ಮಿಸೊ ಸಾರು, ಅವಳಿಗೆ ಪ್ರಾಣವಾದ ಬೇಯಿಸಿದ ಕೆಸುವಿನ ಗಡ್ಡೆ. ಸಾರಿನ ಬಟ್ಟಲಿನ ಮುಚ್ಚಳ ತೆಗೆದಾಗ ಒಳಗೆ ನೀರಹನಿ ಇದ್ದರೆ ದೂರದವರು ಕ್ಷೇಮ. ನಿನಗೂ ಇಡುತ್ತಿದ್ದೆ. ನೀನು ಆ ಬಿಳಿ ಹೆಣ್ಣನ್ನು ಕಟ್ಟಿಕೊಂಡ ಮೇಲೆ ಅವಳೇ ಇಡಲಿ ಎಂದು ನಿಲ್ಲಿಸಿದೆ.

ಆದರೆ ಪ್ರತಿ ಆಗಸ್ಟ್‌ನಲ್ಲಿ ಹಿರಿಯರ ಹಬ್ಬ ಬಂದಾಗ ನನ್ನ ತಲೆ ಕೆಡುತ್ತದೆ. ಸತ್ತವರು ಮನೆಗೆ ಬರುವ ದಿನ. ಮಿನೆಗೂ ದೀಪ ಹಚ್ಚಲೋ ಬೇಡವೋ? ಬದುಕಿರುವವಳಿಗೆ ಹಚ್ಚಿದರೆ ನಾನೇ ಸಾಯಿಸಿದ ಹಾಗೆ. ಸತ್ತಿರುವವಳಿಗೆ ಹಚ್ಚದೆ ಇದ್ದರೆ ಮಗು ದಾರಿ ಕಾಣದೆ ಬೀದಿಯಲ್ಲಿ ನಿಂತ ಹಾಗೆ. ತಟ್ಟೆ ನನ್ನ ಪಕ್ಕ ಇರಬೇಕೋ, ಹಿರಿಯರ ಗೂಡಿನ ಮುಂದೆ ಎಡೆಯಾಗಬೇಕೋ? ನನಗೆ ಬೇರೇನೂ ಬೇಡ ಕಿನ್ಸಾಕು. ಇದ್ದಾಳೋ ಇಲ್ಲವೋ, ಅಷ್ಟು ಹೇಳು. ಆ ಸರ್ಕಸ್ಸು ಪ್ರತಿ ವಸಂತದಲ್ಲಿ ನ್ಯೂಯಾರ್ಕಿಗೆ ಬರುತ್ತದಂತೆ. ಅವಳ ಎಡ ಹುಬ್ಬಿನ ಮೇಲೆ ಗಾಯದ ಗುರುತಿದೆ, ಹಣ್ಣಿನ ಮರದಿಂದ ಬಿದ್ದದ್ದು.

ಹಿಸಾನೊ

❖

ನ್ಯೂಯಾರ್ಕ್, 14ನೇ ಬೀದಿ
9 ನವೆಂಬರ್ 1926

ಅಕ್ಕಾ,

ಕಾಗದ ಓದಿ ಅವತ್ತೆಲ್ಲಾ ಕುಂಚ ಮುಟ್ಟಲಿಲ್ಲ. ಸರ್ಕಸ್ಸು ಬರುವುದು ಮಾರ್ಚ್ ಕೊನೆಗೆ. ಖಂಡಿತ ಹೋಗಿ ನೋಡುತ್ತೇನೆ.

ನಾವು ಚೆನ್ನಾಗಿದ್ದೇವೆ. ಹೊಟ್ಟೆಪಾಡಿಗೆ ಬೇರೆಯವರ ಚಿತ್ರಗಳ ಫೋಟೊ ತೆಗೆದುಕೊಡುತ್ತೇನೆ, ಉಳಿದ ಹೊತ್ತಿನಲ್ಲಿ ನನ್ನದನ್ನು ಬರೆಯುತ್ತೇನೆ. ಇಲ್ಲಿಯವರು ನೋಡಿ "ಇದು ಜಪಾನೀ ಚಿತ್ರ" ಎನ್ನುತ್ತಾರೆ. ಮೊನ್ನೆ ನಮ್ಮ ಊರ ಕಡೆಯ ವ್ಯಾಪಾರಿಯೊಬ್ಬರು ಬಂದು "ಪೂರಾ ಅಮೆರಿಕದ್ದಾಗಿದೆಯಲ್ರೀ" ಎಂದು ಮೂಗು ಮುರಿದರು. ಯಾವ ಕಡೆಯದು ಎಂದು ನನಗೂ ಗೊತ್ತಿಲ್ಲ. ಎದುರಿಗೆ ಯಾರನ್ನೂ ಕೂರಿಸಿಕೊಂಡು ಬರೆಯುವವನಲ್ಲ ನಾನು. ಮುಖ ನೆನಪಿನಿಂದ ಬರುತ್ತದೆ. ಮೈ, ಬಟ್ಟೆ ಬೇಕಾದಾಗ ಕನ್ನಡಿಯ ಮುಂದೆ ನಾನೇ ಹಾಕಿಕೊಂಡು ನಿಲ್ಲುತ್ತೇನೆ. ಕಳೆದ ತಿಂಗಳು ಲಂಗ ಉಟ್ಟು ಅಡುಗೆಯವಳಾಗಿದ್ದೆ. ಈಡಿತ್ ನಕ್ಕೂ ನಕ್ಕೂ ಸುಸ್ತಾದಳು.

ನೀನು ಅವಳನ್ನು "ಆ ಬಿಳಿ ಹೆಣ್ಣು" ಎಂದದ್ದನ್ನು ನಾನು ಓದಿ ಹೇಳಲಿಲ್ಲ. ನನ್ನನ್ನು ಮದುವೆಯಾದ ತಪ್ಪಿಗೆ ಅವಳ ದೇಶದವರೇ ಅವಳನ್ನು ಪರದೇಶಿ ಎಂದು ಬರೆದುಕೊಂಡಿದ್ದಾರೆ. ಈಗಿನ ಕಾನೂನು ನಿನಗೆ ಗೊತ್ತಲ್ಲ, ನಮ್ಮವರು ಇಲ್ಲಿಂದ ಒಮ್ಮೆ ಹೊರಟರೆ ಮತ್ತೆ ಒಳಗೆ ಬಿಡುವುದು ಕಷ್ಟ. ಹೋಗಲಿ. ಮಾರ್ಚ್ ಬರಲಿ.

ಕಿನ್ಸಾಕು

❖

ನ್ಯೂಯಾರ್ಕ್
17 ಏಪ್ರಿಲ್ 1927

ಅಕ್ಕಾ,

ಸರ್ಕಸ್ಸಿಗೆ ಹೋಗಿದ್ದೆ. ಒಮ್ಮೆ ಅಲ್ಲ, ಮೂರು ಸಲ. ಏನು ಹೇಳಲಿ! ಆನೆಗಳೇ ನಲವತ್ತು. ಒಂದರ ಬಾಲ ಇನ್ನೊಂದು ಹಿಡಿದುಕೊಂಡು ಬರುತ್ತವೆ, ನಮ್ಮೂರ ಹೆಂಗಸರು ಒಬ್ಬರ ಹಿಂದೊಬ್ಬರು ಸ್ನಾನದ ಮನೆಗೆ ಹೋದ ಹಾಗೆ. ಒಂದು ಮುದಿ ಆನೆಗೆ ಒಂದೇ ದಂತ. ಅದು ನನ್ನ ಟೋಪಿ ಎಳೆದುಕೊಂಡಿತು. ಮಾವುತ ಬೈದು ಕೊಡಿಸಿದ, ಆದರೆ ಟೋಪಿ ಒದ್ದೆ. ಮೂರು ಅಂಗಳದಲ್ಲಿ ಒಟ್ಟೊಟ್ಟಿಗೆ ಆಟ. ಒಂದು ಕಡೆ ನೋಡಿದರೆ ಇನ್ನೆರಡು ತಪ್ಪಿಹೋಗುತ್ತವೆ. ಕುದುರೆಯ ಮೇಲೆ ನಿಂತವಳನ್ನು ನೋಡುವಾಗ ತಲೆಯ ಮೇಲೆ ತೂಗಿದವನು ತಪ್ಪಿಹೋಗುತ್ತಾನೆ. ಮನೆಗೆ ಬಂದ ಮೇಲೆ ಏನನ್ನು ನೋಡಿದೆ, ಏನನ್ನು ನೋಡಲಿಲ್ಲ ಎಂದು ಲೆಕ್ಕ ಸಿಗುವುದಿಲ್ಲ.

ನಮ್ಮ ನಾಡಿನವರು ಎಂಟು ಜನ ಕಸರತ್ತಿನವರಿದ್ದಾರೆ. ಮಿನೆ ಎಂಬ ಹೆಸರು ಯಾವ ಭಿತ್ತಿಪತ್ರದಲ್ಲೂ ಇಲ್ಲ.

ಹೊಸದೊಂದು ಚಿತ್ರ ಶುರು ಮಾಡಿದ್ದೇನೆ. ಊಟ ತಿಂಡಿ ಬೇಡವಾಗಿದೆ. ಈಡಿತ್ ಬೈಯುತ್ತಿದ್ದಾಳೆ.

ಕಿನ್ಸಾಕು

❖

ಕುಶಿಹಾಮಾ
14 ಮೇ 1927

ಕಿನ್ಸಾಕು,

ನಾನು ಮಗಳ ವಿಷಯ ಕೇಳಿದರೆ ನೀನು ಆನೆಯ ವಿಷಯ ಬರೆದಿದ್ದೀಯ. ಚಿಕ್ಕಂದಿನಲ್ಲಿ ಬಟ್ಟಲು ಒಡೆದ ದಿನ ಹೀಗೇ ಮಾಡುತ್ತಿದ್ದೆ. ಬೆಕ್ಕು ಹೇಗೆ ಕೂತಿತ್ತು, ಹೇಗೆ ಮೀಸೆ ಕುಣಿಸಿತು, ಎಲ್ಲಾ ಹೇಳುತ್ತಿದ್ದೆ. ಬಟ್ಟಲು ಎಲ್ಲಿ ಅಂದರೆ ಉಸಿರಿಲ್ಲ.

ಭಿತ್ತಿಪತ್ರದಲ್ಲಿ ಹೆಸರಿಲ್ಲ ಅಂದರೆ ಏನರ್ಥ? ಅವಳು ಅಲ್ಲಿಲ್ಲ ಅಂತಲೋ, ಹೆಸರು ಮಾತ್ರ ಇಲ್ಲ ಅಂತಲೋ? ಹುಬ್ಬು ನೋಡಿದೆಯಾ? ಒಂದೇ ಸಾಲು ಬರಿ. ಆನೆ ಬೇಡ.

ಹಿಸಾನೊ

❖

ನ್ಯೂಯಾರ್ಕ್
20 ಮೇ 1927

ಅಕ್ಕಾ,

ಇದರ ಜೊತೆ ಪತ್ರಿಕೆಯ ತುಣುಕು ಇಟ್ಟಿದ್ದೇನೆ. ನನ್ನ ಹೊಸ ಚಿತ್ರ ಪ್ರದರ್ಶನಕ್ಕೆ ಹೋಗಿತ್ತು. ಅರ್ಧ ಪುಟ ಅಚ್ಚಾಗಿದೆ. ಬಣ್ಣ ಕಾಣುವುದಿಲ್ಲ, ಆದ್ದರಿಂದ ಹೇಳುತ್ತೇನೆ: ನೆಲವೆಲ್ಲಾ ಹುರಿದ ಚಹಾದ ಕಂದು. ಆನೆ ಸೀಸದ ಬೂದಿ. ನೆಲ ಈ ಸಲವೂ ಗೋಡೆ ಹತ್ತಿದೆ, ಒಸೆನ್‌ಗೆ ಹೇಳು. ನಡುವೆ ಹಗ್ಗ, ಹಗ್ಗದ ಮೇಲೆ ಛತ್ರಿ ಹಿಡಿದು ಕಿಮೊನೊ ಉಟ್ಟವಳು. ಅವಳದೊಂದೇ ಬಿಳಿ.

ಬಾಯಲ್ಲಿ ಹೇಳಲಾರದ್ದನ್ನು, ಕಾಗದದಲ್ಲಿ ಬರೆಯಲಾರದ್ದನ್ನು ಇದರಲ್ಲಿ ಇಟ್ಟಿದ್ದೇನೆ. ಯಾಕೆ ಎಂದು ಕೇಳಬೇಡ, ಮಾತು ಕೊಟ್ಟಿದ್ದೇನೆ. ಚಿತ್ರ ಸುಳ್ಳು ಹೇಳುವುದಿಲ್ಲ. ನೋಡಿದ ಕೂಡಲೇ ನಿನಗೆ ತಿಳಿಯುತ್ತದೆ, ಮನಸ್ಸಿಗೆ ನೆಮ್ಮದಿಯೂ ಆಗುತ್ತದೆ.

ಪ್ರದರ್ಶನದ ಮೊದಲ ದಿನ ಲಾಂಡ್ರಿಯ ಉಮೆಕಿಚಿ ಬಂದಿದ್ದರು. ನಮ್ಮ ಕಡೆಯವರು, ಎಪ್ಪತ್ತರ ಮುದುಕ. ಚಿತ್ರದ ಮುಂದೆ ನಿಂತು ತುಂಬಾ ಹೊತ್ತು ನೋಡಿದರು. ಆಮೇಲೆ ಕೈಮುಗಿದು ಹೊರಟುಹೋದರು. ನನ್ನ ಚಿತ್ರಕ್ಕೆ ಈವರೆಗೆ ಯಾರೂ ಕೈಮುಗಿದವರಿಲ್ಲ ಅಕ್ಕಾ. ಅವತ್ತೆಲ್ಲಾ ನನ್ನ ಕಾಲು ನೆಲದ ಮೇಲಿರಲಿಲ್ಲ.

ಕಿನ್ಸಾಕು

❖

ಕುಶಿಹಾಮಾ
16 ಜೂನ್ 1927

ಕಿನ್ಸಾಕುಗೆ,

ಚಿತ್ರ ತಲುಪಿತು. ನಿನ್ನ ಮಾತು ತಿಳಿಯಿತು.

ಮೊದಲು ಹುಬ್ಬು ನೋಡಿದೆ. ಗಾಯದ ಗುರುತು ಕಂಡಿತು. "ಒಸೆನ್, ಬಾರೇ, ನನ್ನ ಮಗಳು!" ಎಂದು ಕೂಗಿದೆ. ಅವಳು ಒದ್ದೆ ಕೈಯಲ್ಲೇ ಓಡಿಬಂದಳು. ನೋಡಿದಳು. ನಗುತ್ತಿದ್ದವಳ ಮುಖ ಕಪ್ಪಿಟ್ಟಿತು. ಆಮೇಲೆ ನಾನೂ ನೋಡಿದೆ. ಕಿಮೊನೊದ ಎಡ ಅಂಚಿನ ಮೇಲೆ ಬಲ ಅಂಚು. ಹೆಣಕ್ಕೆ ಉಡಿಸುವ ಹಾಗೆ. ಮೈಯೆಲ್ಲಾ ಬಿಳಿ.

"ಅಚ್ಚಿನವರು ತಿರುವಿ ಹಾಕಿರಬೇಕು ಕಣೇ, ಹಂಗೆಲ್ಲಾ ಆಗುತ್ತೆ" ಎಂದಳು ಒಸೆನ್. ನನಗೂ ಅದೇ ಆಸೆ. ಆದರೆ ಗಾಯ ಎಡ ಹುಬ್ಬಿನಲ್ಲೇ ಇದೆಯಲ್ಲ. ತಿರುವಿದ್ದರೆ ಅದೂ ಬಲಕ್ಕೆ ಹೋಗಬೇಕಿತ್ತು. ನಾಲ್ಕು ಸಲ ನೋಡಿದೆ. ಐದನೆಯ ಸಲ ನೋಡಲು ಕಣ್ಣು ಕಾಣಲಿಲ್ಲ.

ಅಪ್ಪನ ದೋಣಿ ಬರಿದಾಗಿ ಬಂದ ದಿನ ನಿನಗೆ ಆರು ವರ್ಷ. ದಡದಲ್ಲಿ ಮೊದಲು ನೋಡಿದವನು ನೀನು. ನಾನು ಬಂದು ಕೇಳಿದರೆ ನಿನಗೆ ಬಾಯಿ ಬರಲಿಲ್ಲ. ಮರಳಿನ ಮೇಲೆ ದೋಣಿ ಬರೆದೆ, ಒಳಗೆ ಯಾರನ್ನೂ ಬರೆಯಲಿಲ್ಲ. ನಾನು ಅದನ್ನು ನೋಡಿ ತಿಳಿದುಕೊಂಡೆ. ಈಗಲೂ ಹಾಗೇ ತಿಳಿಸಿದ್ದೀಯ. ನಿನಗೂ ಎಷ್ಟು ಸಂಕಟವಾಗಿರಬೇಕು. ಬೈದು ಬರೆದದ್ದಕ್ಕೆ ಕ್ಷಮಿಸು, ಚಿತ್ರ ಬರುವ ಮೊದಲೇ ಆ ಕಾಗದ ಹೊರಟುಹೋಗಿತ್ತು.

ದೇವಾಲಯದ ಗುರುಗಳು ಬಂದು ಮಂತ್ರ ಹೇಳಿದರು. ಯಾವ ದಿನ ಹೋದಳೆಂದು ತಿಳಿಯದ್ದರಿಂದ ಚಿತ್ರ ಬಂದ ದಿನವನ್ನೇ ಹಿಡಿದಿದ್ದೇವೆ. ಸತ್ತವರ ಹೆಸರನ್ನೂ ಕೊಟ್ಟರು. ಆಕಾಶದಲ್ಲಿ ನಡೆದವಳು ಎಂದು ಅರ್ಥವಂತೆ. ತಟ್ಟೆಯನ್ನು ಗೂಡಿನ ಮುಂದಕ್ಕೆ ಸರಿಸಿದೆ. ಅವತ್ತು ಬೆಳಿಗ್ಗೆಯೂ ಮುಚ್ಚಳದೊಳಗೆ ಹನಿ ಇತ್ತು ಕಿನ್ಸಾಕು. ಬಿಸಿ ಸಾರು ಮುಚ್ಚಿಟ್ಟರೆ ಹನಿ ಬರದೆ ಇನ್ನೇನು ಬರುತ್ತದೆ? ಇಷ್ಟು ವರ್ಷ ಇದೊಂದು ನನಗೆ ಹೊಳೆಯಲಿಲ್ಲ ನೋಡು.

ಹಿಸಾನೊ

❖

ನ್ಯೂಯಾರ್ಕ್
12 ಜುಲೈ 1927

ಅಕ್ಕಾ, ಅಕ್ಕಾ,

ಬೆಳಿಗ್ಗೆಯೇ ತಂತಿ ಕೊಟ್ಟಿದ್ದೇನೆ. ಈ ಕಾಗದಕ್ಕಿಂತ ಮೊದಲೇ ಸೇರಿರುತ್ತದೆ. ಮಿನೆ ಬದುಕಿದ್ದಾಳೆ! ನಾನೇ ಕಣ್ಣಾರೆ ನೋಡಿದ್ದೇನೆ, ಮಾತಾಡಿದ್ದೇನೆ. ತಟ್ಟೆಯನ್ನು ಅಲ್ಲಿಂದ ತೆಗೆ. ಈಗಲೇ ತೆಗೆ.

ನಿನ್ನ ಕಾಗದ ಓದಿ ಓಡಿಹೋಗಿ ಚಿತ್ರ ನೋಡಿದೆ. ಎಡದ ಮೇಲೆ ಬಲ. ಎರಡು ತಿಂಗಳು ಕಣ್ಣೆದುರಿಗೇ ಇದ್ದದ್ದು ಕಾಣಲಿಲ್ಲವಲ್ಲ! ಉಮೆಕಿಚಿ ಕೈಮುಗಿದದ್ದು ಯಾಕೆ ಎಂದು ಈಗ ಗೊತ್ತಾಯಿತು. ಆ ಮುದುಕ ಸತ್ತವಳಿಗೆ ಕೈಮುಗಿದ. ನಾನು ನನಗೇ ಎಂದು ಬೀಗಿದೆ.

ಕನ್ನಡಿ ಅಕ್ಕಾ, ಕನ್ನಡಿ! ನಾನು ಹೇಳಿದ್ದೆನಲ್ಲ, ಬಟ್ಟೆಗೆ ನಾನೇ ನಿಲ್ಲುತ್ತೇನೆ ಎಂದು. ನನ್ನ ಹಳೆಯ ಬಿಳಿ ಕಿಮೊನೊ ಸರಿಯಾಗಿಯೇ ಉಟ್ಟು ನಿಂತೆ. ಕನ್ನಡಿಯಲ್ಲಿ ತಿರುವುಮುರುವಾಗಿ ಕಂಡಿತು, ಕಂಡ ಹಾಗೆ ಬರೆದೆ. ಮುಖ ಮಾತ್ರ ನೆನಪಿನದು, ಅದಕ್ಕೇ ಗಾಯ ಸರಿಯಾದ ಕಡೆ ಇದೆ.

ಈಗ ಎಲ್ಲಾ ಹೇಳುತ್ತೇನೆ, ಕೊಟ್ಟ ಮಾತು ಹಾಳಾಗಿಹೋಗಲಿ. ಏಪ್ರಿಲ್‌ನಲ್ಲಿ ಆಟ ಮುಗಿದ ಮೇಲೆ ಹಿಂದಿನ ಬಾಗಿಲಿಗೆ ಹೋದೆ. ಹಗ್ಗದವಳು ಬಂದಳು. ಭಿತ್ತಿಪತ್ರದಲ್ಲಿ ಅವಳ ಹೆಸರು ಪ್ರಿನ್ಸೆಸ್ ಚೆರ್ರಿ. ನಮ್ಮೂರ ಮಾತಲ್ಲಿ "ಕುಶಿಹಾಮಾದವಳೇನಮ್ಮಾ?" ಎಂದೆ. ನಿಂತಳು. ಹುಬ್ಬು ನೋಡಿದೆ. "ಯಾರು ನೀವು?" "ನಿನ್ನ ಮಾಮ. ನಿಮ್ಮಮ್ಮನ ತಮ್ಮ." ಅವಳ ಮೊದಲ ಮಾತೇ, "ಅಮ್ಮ ಕಳಿಸಿದ್ಲಾ? ಐದು ವರ್ಷ ಅಂದಿದ್ಲು. ಬೆರಳು ಮಡಚಿ ಎಣಿಸ್ಕೊಂಡಿದ್ದೆ ಮಾಮ. ಐದು ಮುಗಿದ ಮೇಲೆ ಇನ್ನೊಂದು ಕೈ ಶುರು ಮಾಡ್ದೆ. ಆಮೇಲೆ ಎಣಿಸೋದು ಬಿಟ್ಟೆ."

ಅಳಲಿಲ್ಲ. ಚಹಾ ಕುಡಿಸಿದಳು. ಹೊರಡುವಾಗ ನನ್ನ ತೋಳು ಹಿಡಿದು, "ಇದ್ದಾಳೆ ಅಂತ ಬರೀಬೇಡಿ. ಸತ್ತಳು ಅಂತಾನೂ ಬರೀಬೇಡಿ. ನಾನು ಕಾದ ಹಾಗೆ ಅವಳೂ ಸ್ವಲ್ಪ ಕಾಯ್ಲಿ" ಎಂದು ಮಾತು ತೆಗೆದುಕೊಂಡಳು. ನಾನು ಕೊಟ್ಟೆ. ಆಮೇಲೆ ಮನಸ್ಸು ತಡೆಯಲಿಲ್ಲ. ಬರೆಯುವುದಿಲ್ಲ ಎಂದು ತಾನೇ ಹೇಳಿದ್ದು, ಚಿತ್ರ ತೋರಿಸುವುದಿಲ್ಲ ಎಂದಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬುದ್ಧಿವಂತ ಅಂದುಕೊಂಡೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ.

ಕಿನ್ಸಾಕು

❖

ಕುಶಿಹಾಮಾ
18 ಆಗಸ್ಟ್ 1927

ಕಿನ್ಸಾಕು,

ತಂತಿ ಬಂದಿತ್ತು. ಅಂಚೆಯವನು ಓದಿ ಹೇಳಿದ: "ಮಿನೆ ಬದುಕಿದ್ದಾಳೆ." ಒಸೆನ್ ಕುಣಿದಳು. ನಾನು ಕುಣಿಯಲಿಲ್ಲ. ಆಮೇಲೆ ಕಾಗದವೂ ಬಂತು, ಹಬ್ಬಕ್ಕೆ ಐದು ದಿನ ಮೊದಲು. ಎಷ್ಟು ಸಲ ಓದಿದೆನೋ.

ನಿನ್ನ ಮೇಲೆ ಕೋಪವಿಲ್ಲ. ಆದರೆ ನೀನು ಎಂಥವನು ಎಂದು ನನಗೆ ಗೊತ್ತು. ಅಮ್ಮ ಕೊನೆಯ ಉಸಿರು ಎಳೆಯುವಾಗ "ಅಪ್ಪ ಬಂದ್ರು, ಬಾಗಿಲಲ್ಲಿದ್ದಾರೆ" ಎಂದು ಹೇಳಿ ಅವಳನ್ನು ನಗಿಸಿ ಕಳಿಸಿದವನು ನೀನು. ಅಳುವವರನ್ನು ಕಂಡರೆ ನಿನ್ನ ನಾಲಿಗೆ ಏನು ಬೇಕಾದರೂ ಹೇಳುತ್ತದೆ. ನಾನು ಹೆಣದ ಊಟ ಇಟ್ಟು ಕೂತಿದ್ದೇನೆ ಎಂದು ನೀನು ಓದಿದೆ, ಮರುಕ ಬಂತು, ತಂತಿ ಕೊಟ್ಟೆ. ಕನ್ನಡಿ ಎಂದೆ. ಚೆನ್ನಾಗಿದೆ ಕನ್ನಡಿ. ಚಿತ್ರ ಸುಳ್ಳು ಹೇಳುವುದಿಲ್ಲ ಎಂದೂ ನೀನೇ ಬರೆದೆ, ಚಿತ್ರ ತಪ್ಪು ಎಂದೂ ನೀನೇ ಬರೆದೆ. ಯಾವ ಕಿನ್ಸಾಕುನನ್ನು ನಂಬಲಿ?

ಅವಳು ಬೆರಳು ಮಡಚಿ ಎಣಿಸಿದಳು ಎಂದು ಬರೆದಿದ್ದೀಯಲ್ಲ. ಅದು ನಿಜವೇ ಆಗಿದ್ದರೆ ನಾನು ಹೇಗೆ ಬದುಕಲಿ? ಸುಳ್ಳಾಗಿದ್ದರೆ ಅದನ್ನು ಬರೆಯಲು ನಿನಗೆ ಮನಸ್ಸಾದರೂ ಹೇಗೆ ಬಂತು?

ಹಬ್ಬದ ದಿನ ಬಿಳಿ ಲಾಂದ್ರ ಕಟ್ಟಿದೆ. ಹಚ್ಚಲು ಹೋಗಿ ನಿಲ್ಲಿಸಿದೆ. ಬಿಚ್ಚಿದೆ. ಪುನಃ ಕಟ್ಟಿದೆ. "ಏನೇ ಇದು, ಮಕ್ಕಳಾಟ?" ಎಂದಳು ಒಸೆನ್. ಕೊನೆಗೆ ಹಚ್ಚಿದೆ, ಹಚ್ಚಿದ ಕೂಡಲೇ ಊದಿಬಿಟ್ಟೆ. ಮಗು ಬಂದಿದ್ದರೆ ಅರ್ಧ ದಾರಿಯಲ್ಲಿ ಕತ್ತಲಾಗಿರಬೇಕು.

ಈಗ ದಿನಾ ಎರಡು ತಟ್ಟೆ ಇಡುತ್ತಿದ್ದೇನೆ. ನನ್ನ ಪಕ್ಕದಲ್ಲಿ ಒಂದು, ಗೂಡಿನ ಮುಂದೆ ಒಂದು. ಎರಡರಲ್ಲೂ ಕೆಸುವಿನ ಗಡ್ಡೆ. ಒಂದು ನನ್ನ ಪಾಪ, ಇನ್ನೊಂದು ನನ್ನ ಮಗಳು. ಯಾವುದು ಯಾವುದೆಂದು ತಿಳಿಯದೆ ಎರಡನ್ನೂ ನಾನೇ ತಿನ್ನುತ್ತೇನೆ. ಯಾವುದನ್ನು ತೆಗೆಯಲಿ ಹೇಳು. ಆದರೆ ನನ್ನನ್ನು ಸಮಾಧಾನ ಮಾಡಲು ಮಾತ್ರ ಹೇಳಬೇಡ.

ಹಿಸಾನೊ

❖

ನ್ಯೂಯಾರ್ಕ್
21 ಅಕ್ಟೋಬರ್ 1927

ಅಕ್ಕಾ,

ನಿನ್ನ ಕಾಗದ ಬಂದ ಮೇಲೆ ಸರ್ಕಸ್ಸಿನ ರೈಲು ಎಲ್ಲಿದೆ ಎಂದು ಹುಡುಕಿಕೊಂಡು ರಿಚ್ಮಂಡ್ ಎಂಬ ಊರಿಗೆ ಹೋಗಿಬಂದೆ. ಬಂದು ಎರಡು ವಾರವಾಯಿತು. ನೋಡಿದ್ದನ್ನು ಬರೆಯಲೋ ಬೇಡವೋ ಎಂದು ಇಷ್ಟು ದಿನ ಕೂತಿದ್ದೆ. ನಿನಗೆ ಸಮಾಧಾನವಾಗುವಂಥದ್ದಲ್ಲ. ಆದರೂ ಬರೆಯುತ್ತೇನೆ.

ಹೆಂಗಸರು ಬಟ್ಟೆ ಹಾಕಿಕೊಳ್ಳುವ ಡೇರೆಯ ಹೊರಗೆ ಪೆಟ್ಟಿಗೆಯ ಮೇಲೆ ಕೂತು ಮಿನೆಗೆ ಎಲ್ಲಾ ಹೇಳಿದೆ. ಚಿತ್ರ, ಗುರುಗಳು, ಸತ್ತವರ ಹೆಸರು. ಮೊದಲು ನಕ್ಕಳು. "ಅಂತೂ ನನ್ನ ಕಳಿಸೇಬಿಟ್ಲು. ಏನ್ ಹೆಸರಿಟ್ರು?" ಹೇಳಿದೆ. "ಪ್ರಿನ್ಸೆಸ್ ಚೆರ್ರಿಗಿಂತ ವಾಸಿ" ಎಂದಳು. ಆಮೇಲೆ ಕಿಮೊನೊ ವಿಷಯ ಹೇಳಿ, "ನನ್ನ ಕನ್ನಡಿಯಿಂದ ಇಷ್ಟೆಲ್ಲಾ ಆಯ್ತಮ್ಮಾ, ಎಡದ ಮೇಲೆ ಬಲ ಬರೆದುಬಿಟ್ಟೆ" ಎಂದೆ.

"ಮತ್ತೆ ಹೆಂಗೆ ಬರೀಬೇಕಿತ್ತು?" ಎಂದಳು.

ನನಗೆ ಅರ್ಥವಾಗಲಿಲ್ಲ. ಆಟಕ್ಕೆ ಹೊರಡುವ ಹೊತ್ತು, ಬಿಳಿ ಕಿಮೊನೊ ತೊಟ್ಟು ನಿಂತಿದ್ದಳು. ಆಗ ನೋಡಿದೆ ಅಕ್ಕಾ. ಎಡದ ಮೇಲೆ ಬಲ. ಕೊಕ್ಕೆ ಹಾಕಿ ಹೊಲಿದದ್ದು. ವಸಂತದಲ್ಲಿ ಮೂರು ಆಟ ನೋಡಿದವನಿಗೆ, ಕೂತು ಚಹಾ ಕುಡಿದವನಿಗೆ, ಇದು ಕಾಣಲಿಲ್ಲ. ಇಲ್ಲಿಯ ಹೆಂಗಸರ ಅಂಗಿ, ಕೋಟು ಎಲ್ಲಾ ಮುಚ್ಚುವುದು ಹೀಗೇ. ಈಡಿತ್‌ಳ ಕೋಟೂ ಹೀಗೇ. ದಿನಾ ನೋಡಿ ನೋಡಿ ನನ್ನ ಕಣ್ಣೇ ತಿರುಗಿಹೋಗಿದೆ.

"ಯಾರಮ್ಮಾ ಹೀಗೆ ಉಡಿಸಿದ್ದು?" ಎಂದು ಕೇಳಿದೆ. "ಬಟ್ಟೆ ಹೊಲಿಯೋ ಮಿಸೆಸ್ ಗೋರ್ಮನ್. ಇವಾತಾರೊ ತಂಡದಲ್ಲಿ ನಮಗೆಲ್ಲಾ ಮೈಗಂಟಿದ ಬಟ್ಟೇನೇ. ಇಲ್ಲಿಗೆ ಬಂದ ಮೇಲೆ ಕಿಮೊನೊ ಬೇಕು ಅಂದ್ರು. ಹೆಂಗಸ್ರದ್ದು ಹಿಂಗೇ ಮುಚ್ಚೋದು ಅಂತ ಅವಳೇ ಕೊಕ್ಕೆ ಹಾಕಿದ್ಲು." "ನಿನಗೆ ಗೊತ್ತಿರಲಿಲ್ವಾ?" "ನಂಗೆ ಹೆಂಗೆ ಗೊತ್ತಿರುತ್ತೆ ಮಾಮ? ಊರಲ್ಲಿ ಅಮ್ಮ ಉಡಿಸ್ತಿದ್ಲು. ನಾನು ಕೈ ಎತ್ಕೊಂಡು ಎಲ್ಲೋ ನೋಡ್ತಾ ನಿಂತಿರ್ತಿದ್ದೆ."

ಆರೇಳು ವರ್ಷದಿಂದ ದಿನಕ್ಕೆರಡು ಸಲ, ಸಾವಿರಾರು ಜನರ ಮುಂದೆ, ನಿನ್ನ ಮಗಳು ಹೆಣದ ಉಡುಪಿನಲ್ಲಿ ಹಗ್ಗದ ಮೇಲೆ ನಡೆದಿದ್ದಾಳೆ. ತಪ್ಪು ಎಂದು ಹೇಳುವವರು ಒಬ್ಬರೂ ಇರಲಿಲ್ಲ. ಅಲ್ಲಿದ್ದ ನಮ್ಮವರು ಏಳೂ ಜನ ಗಂಡಸರು. ಕಂಡಿದ್ದರೂ ಬಾಯಿಬಿಟ್ಟಿರಲಿಕ್ಕಿಲ್ಲ, ಅಪಶಕುನದ ಮಾತು ಯಾರಿಗೆ ಬೇಕು. ನಾನು ಕನ್ನಡಿ ನೋಡಿ ಬರೆದೆನೋ, ಅವಳನ್ನು ನೋಡಿ ಬರೆದೆನೋ, ಈಗ ನನಗೇ ಗೊತ್ತಾಗುತ್ತಿಲ್ಲ. ಚಿತ್ರ ತಪ್ಪು ಎಂದೆನಲ್ಲ, ಚಿತ್ರ ಸರಿಯಾಗಿಯೇ ಇತ್ತು. ತಲೆ ಚಿಟ್ಟು ಹಿಡಿದಿದೆ.

ತಟ್ಟೆಯ ವಿಷಯವನ್ನೂ ಹೇಳಿದೆ. ಎರಡು ತಟ್ಟೆ ಇಡುತ್ತಿದ್ದಾಳೆ, ಎರಡರಲ್ಲೂ ನಿನಗೆ ಇಷ್ಟವಾದ ಕೆಸುವಿನ ಗಡ್ಡೆ ಎಂದೆ. ಆಗ ಅವಳು ಛತ್ರಿ ಬಿಚ್ಚಿದಳು, ಮಡಚಿದಳು. ಹೊರಗೆ ವಾದ್ಯ ಶುರುವಾಯಿತು. ಹೊರಡುತ್ತಾ ತಿರುಗಿ, "ನಂಗೆ ಕೆಸುವಿನ ಗಡ್ಡೆ ಸೇರಲ್ಲ. ಗಂಟಲು ಕೆರೆಯುತ್ತೆ. ಇಷ್ಟ ಇದ್ದದ್ದು ಅಮ್ಮಂಗೆ. ಅವಳು ನೋಡ್ತಾ ಕೂರ್ತಿದ್ಲು ಅಂತ ನುಂಗ್ತಿದ್ದೆ. ಬೇಕಾದ್ರೆ ಇದನ್ನ ಬರೀರಿ" ಎಂದು ಹೋದಳು.

ಅವಳು ಬರೆಯಲು ಒಪ್ಪಿದ್ದು ಇಷ್ಟೇ.

ಕಿನ್ಸಾಕು

❖

ಕುಶಿಹಾಮಾ
20 ನವೆಂಬರ್ 1927

ಮಿನೆ,

ಈ ಕಾಗದವನ್ನು ಮಾಮ ತಂದುಕೊಡುತ್ತಾನೆ. ನೀನು ಎರಡನೆಯ ತರಗತಿಯವರೆಗೆ ಕಲಿತ ಅಕ್ಷರದಲ್ಲೇ ಬರೆದಿದ್ದೇನೆ, ದೊಡ್ಡ ಅಕ್ಷರದಲ್ಲಿ. ಓದಲು ಬರದಿದ್ದರೆ ಮಾಮ ಓದಲಿ. ಆದರೆ ಮೊದಲು ನೀನೇ ಓದು.

ಮಾಮ ನನ್ನನ್ನು ಸಮಾಧಾನ ಮಾಡಲು ಸುಳ್ಳು ಹೇಳುತ್ತಾನೆ ಎಂದುಕೊಂಡು ಅವನ ಮಾತನ್ನು ನಾನು ನಂಬಿರಲಿಲ್ಲ. ಈ ಸಲ ನಂಬಿದೆ. ಸುಳ್ಳು ಹೇಳುವವನಾಗಿದ್ದರೆ ಮಗಳು ಚೆನ್ನಾಗಿ ಉಟ್ಟು ತೊಟ್ಟು ಇದ್ದಾಳೆ ಎಂದು ಬರೆಯುತ್ತಿದ್ದ. ಉಡಲು ಕಲಿಸುವವರಿಲ್ಲದೆ ಬೆಳೆದಳು ಎಂದು ಯಾರು ಕಟ್ಟಿ ಬರೆಯುತ್ತಾರೆ? ಓದಿ ಅತ್ತೆ, ಮತ್ತೆ ನಕ್ಕೆ. ಒಸೆನ್ ನನಗೆ ಬುದ್ಧಿ ಕೆಟ್ಟಿತು ಎಂದು ಗಾಬರಿಯಾದಳು. ಗೂಡಿನ ಮುಂದಿನ ತಟ್ಟೆಯನ್ನು ಎತ್ತಿಕೊಂಡು ಬಂದು ತೊಳೆದಿಟ್ಟೆ. ಗುರುಗಳಿಗೆ ಹೋಗಿ ಹೇಳಿದೆ, "ಹೆಸರು ವಾಪಸ್ ತಗೊಳ್ಳಿ ಸ್ವಾಮಿ, ಹುಡುಗಿ ಇದ್ದಾಳೆ." ಅವರು ತಲೆ ಕೆರೆದುಕೊಂಡು, "ವಾಪಸ್ ತಗೊಳ್ಳೋ ಪದ್ಧತಿ ಇಲ್ಲಮ್ಮಾ, ಇರಲಿ, ಮುಂದಕ್ಕೆ ಆಗುತ್ತೆ" ಎಂದರು.

ಐದು ವರ್ಷ ಎಂದು ಹೇಳಿದ್ದು ನಾನು. ಮುದ್ರೆ ಒತ್ತಿದ್ದೂ ನಾನು. ಅದಕ್ಕೆ ಏನು ಹೇಳಿದರೂ ಸಾಲದು. ನೀನು ಬಾ ಎಂದು ಕೇಳುವುದಿಲ್ಲ. ಅಲ್ಲಿಂದ ಹೊರಟರೆ ಮತ್ತೆ ಬಿಡುವುದಿಲ್ಲವಂತೆ. ನೀನು ಬರೆಯಬೇಡ ಎಂದದ್ದೂ ಸರಿಯೇ. ನನಗೆ ಕಾಯುವುದು ಗೊತ್ತು.

ಒಂದು ಕೆಲಸ ಮಾತ್ರ ಮಾಡು. ಆ ಕೊಕ್ಕೆಗಳನ್ನು ಕಿತ್ತುಹಾಕು. ಆಮೇಲೆ ನೇರವಾಗಿ ನಿಂತುಕೋ. ಬಲಗಡೆಯ ಅಂಚನ್ನು ಮೊದಲು ಮೈಗೆ ತಾ. ಎಡ ಸೊಂಟದವರೆಗೆ ಬರಲಿ. ಅದರ ಮೇಲೆ ಎಡಗಡೆಯದನ್ನು ತಾ. ನಿನ್ನ ಬಲಗೈ ಎದೆಯ ಮಡಿಕೆಯೊಳಗೆ ಸಲೀಸಾಗಿ ಹೋಗಬೇಕು, ಹೋದರೆ ಸರಿ. ಬದುಕಿರುವವರು ಉಡುವುದು ಹೀಗೆ. ಉಟ್ಟ ಮೇಲೆ ಕನ್ನಡಿ ನೋಡಬೇಡ, ಅದು ನಿನ್ನ ಮಾಮನಿಗೆ ಮಾಡಿದ ಹಾಗೆ ಮಾಡುತ್ತದೆ. ಬಗ್ಗಿ ನಿನ್ನ ಎದೆಯನ್ನೇ ನೋಡಿಕೋ. ಇದನ್ನು ನಾನು ನಿನಗೆ ನಿಲ್ಲಿಸಿ ಕಲಿಸಬೇಕಿತ್ತು. ಬೆಳಿಗ್ಗೆ ಹೊತ್ತಾಗುತ್ತದೆ ಎಂದು ನಾನೇ ಉಡಿಸಿ ಕಳಿಸುತ್ತಿದ್ದೆ.

ತಟ್ಟೆ ಈಗ ಒಂದೇ, ನನ್ನ ಪಕ್ಕದಲ್ಲಿ. ಕೆಸುವಿನ ಗಡ್ಡೆ ತೆಗೆದೆ. ಅನ್ನ ಇದೆ, ಸಾರು ಇದೆ, ಗಡ್ಡೆ ಇಡುತ್ತಿದ್ದ ಬಟ್ಟಲು ಮೂರು ದಿನದಿಂದ ಖಾಲಿ. ನಿನಗೆ ಏನು ಇಷ್ಟ ಎಂದು ಎಷ್ಟು ಯೋಚಿಸಿದರೂ ನನಗೆ ಹೊಳೆಯುತ್ತಿಲ್ಲ. ಅದರಲ್ಲಿ ಏನು ಇಡಲಿ, ಬರಿ.

ಅಮ್ಮ